ಗುಬ್ಬಿ ಗಂಡು

ಗೊರಕೆ ಮತ್ತೆ ಮೊದಲ ಸ್ಥಾನಕ್ಕೆ ಬಂದಿತ್ತು.

ರಘುನಂದನ ಹಲ್ಲು ಕಡಿದು ಇನ್ನೊಮ್ಮೆ ಹುಡುಕಿದ. ಗೂಗಲ್‌ಗೆ ಕರುಣೆಯಿಲ್ಲ. ‘ಗುಬ್ಬಿ ರಘುನಂದನ’ ಎಂದು ಹೊಡೆದರೆ ಎಲ್ಲಕ್ಕಿಂತ ಮೇಲೆ ಬರುವುದು ಅದೇ: ‘ಗುಬ್ಬಿ ರಘುನಂದನನ ಗೊರಕೆ: ಇಡೀ ಬೀದಿ ಎದ್ದು ಕೂತ ಕಥೆ’. ಗೊರಕೆಗೆ ಎಣ್ಣೆ ಮಾರುತ್ತಿದ್ದ ಕಂಪನಿಯೊಂದರ ಪುಟ. ತೆಗೆಸೋಣವೆಂದರೆ ಮಾಲೀಕರ ಫೋನು ಸ್ವಿಚ್ಡ್ ಆಫ್. ಚಿತ್ರದಲ್ಲಿ ತಲೆತುಂಬ ಕಂಬಳಿ ಹೊದ್ದು ಮಲಗಿದ ಒಬ್ಬ ಮನುಷ್ಯ. ಕಾಣುವುದು ಎರಡು ಪಾದ ಮಾತ್ರ.

ಇಂಥ ಗತಿ ಬೇರೆಯವರಿಗೆ ಬಂದಿದ್ದರೆ ಅವರು ಓಡಿ ಬರುತ್ತಿದ್ದುದು ರಘುನಂದನನ ಬಳಿಗೇ. ತುಮಕೂರಿನ ಬಿ.ಎಚ್. ರಸ್ತೆಯ ಆಫೀಸಿನಲ್ಲಿ ಅವನ ಕೆಲಸವೇ ಅದು. ಗಿರಾಕಿಗಳ ವೆಬ್‌ಸೈಟನ್ನು ತಿದ್ದಿ ತೀಡಿ, ಯಾರು ಹುಡುಕಿದರೂ ಅದೇ ಮೊದಲು ಕಾಣುವಂತೆ ಮಾಡುವುದು. ಹಲ್ಲಿನ ಡಾಕ್ಟರು, ಕೊಬ್ಬರಿ ಮಂಡಿ, ಡ್ರೈವಿಂಗ್ ಸ್ಕೂಲು, ಎಲ್ಲರನ್ನೂ ಮೇಲೆ ಕೂರಿಸಿದ್ದಾನೆ. ಈಗ ತನ್ನನ್ನೇ ಕೂರಿಸಿಕೊಳ್ಳಲು ಆರು ದಿನ ಉಳಿದಿತ್ತು.

ಭಾನುವಾರ ಕುಣಿಗಲ್‌ನಲ್ಲಿ ಹೆಣ್ಣು ನೋಡುವ ಶಾಸ್ತ್ರ. ಹುಡುಗಿಯ ತಂದೆ ವೆಂಕಟೇಶಯ್ಯ ಫೋನಿನಲ್ಲೇ ಹೇಳಿಬಿಟ್ಟಿದ್ದರು: “ನೋಡಪ್ಪ, ಗೂಗಲ್ ನೋಡ್ದೆ ನಾನು ಬದನೇಕಾಯಿನೂ ತರೋನಲ್ಲ. ಇನ್ನು ಅಳಿಯನ್ನ ತರ್ತೀನಾ?”

ಹುಡುಗಿ ವಿಭಾ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತಾಳೆ. ಇಬ್ಬರೂ ಮಾತಾಡಿದ್ದು ಒಂದೇ ಸಲ, ಫೋನಿನಲ್ಲಿ, ಇಪ್ಪತ್ತು ನಿಮಿಷ. “ಮೇಲಕ್ಕೆ ತರೋದು ಅಂದ್ರೆ ದೇವಸ್ಥಾನದ ಕ್ಯೂನಲ್ಲಿ ನುಗ್ಸೋ ಕೆಲ್ಸಾನಾ?” ಎಂದು ಕೇಳಿ ಗಟ್ಟಿಯಾಗಿ ನಕ್ಕಿದ್ದಳು. ಆ ನಗುವಿಗೆ ರಘುನಂದನ ಬಿದ್ದುಹೋದ. ಇವಳಲ್ಲದೆ ಇನ್ನೊಬ್ಬಳು ಬೇಡ ಎಂದು ಆಗಲೇ ತೀರ್ಮಾನವಾಗಿತ್ತು.

ಕೊನೆಗೆ ಅವಳು ಇನ್ನೊಂದು ಪ್ರಶ್ನೆ ಕೇಳಿದ್ದಳು. “ನಿಮಗೆ ನಿದ್ದೆ ಎಲ್ಲ ಹೇಗೆ?”

ಅವನು ಥಟ್ಟನೆ “ಸದ್ದೇ ಇಲ್ಲದ ನಿದ್ದೆ,” ಎಂದುಬಿಟ್ಟ.

“ಓ,” ಎಂದಿದ್ದಳು ಅವಳು. ಆ ‘ಓ’ ಅವನನ್ನು ನಾಲ್ಕು ದಿನ ಕಾಡಿತು.

ತಾಯಿ ಕೌಸಲ್ಯಮ್ಮ ದೋಸೆ ಮಗುಚುತ್ತಾ ಧೈರ್ಯ ಹೇಳಿದರು. “ಯಾಕೋ ಹಿಂಗೆ ಒದ್ದಾಡ್ತೀಯಾ? ಕೇಳಿದ್ರೆ ಅದು ಬೇರೆ ಯಾರೋ ರಘುನಂದನ ಅಂದ್ರಾಯ್ತು ಕಣೋ. ಗುಬ್ಬೀಲಿ ಒಬ್ಬನೇನಾ ಇರೋದು?”

ಹೇಳುವ ಪ್ರಸಂಗವೇ ಬರಬಾರದು ಎಂಬುದು ಅವನ ಹಟ. ಮೊದಲು ಶತ್ರುವಿನ ಪುಟವನ್ನು ಇಂಚಿಂಚೂ ನೋಡಿದ. ಎಲ್ಲೂ ತಪ್ಪಿಲ್ಲ. ಶೀರ್ಷಿಕೆಯಲ್ಲಿ ಮೊದಲು ಹೆಸರು. ಆರಂಭದ ಸಾಲಿನಲ್ಲೇ ಊರು. ಚಿತ್ರದ ಹಿಂದೆ ಗೂಗಲ್ ಓದಿಕೊಳ್ಳಲೆಂದು ಅಡಗಿಸಿಟ್ಟ ವಿವರ. ಪುಟ ತೆರೆಯಲು ಒಂದು ಸೆಕೆಂಡೂ ಬೇಡ. ಹೊಟ್ಟೆ ಉರಿಯಬೇಕಿತ್ತು, ಅದರ ಬದಲು ಒಂದು ಕ್ಷಣ ಎದೆ ಉಬ್ಬಿತು. ಒಳ್ಳೆಯ ಕೆಲಸ ಕಂಡರೆ ಕಸುಬಿನವರಿಗೆ ಹಾಗಾಗುತ್ತದೆ.

ಆಮೇಲೆ ತನ್ನ ಹೆಸರಿನಲ್ಲೇ ಹತ್ತು ಪುಟದ ವೆಬ್‌ಸೈಟ್ ಕಟ್ಟಿದ. ವೆಂಕಟೇಶಯ್ಯ ಏನೆಂದು ಹುಡುಕಬಹುದು ಎಂದು ಯೋಚಿಸಿ, ‘ಗುಬ್ಬಿ ಗಂಡು’ ಎಂದು ದಪ್ಪಕ್ಷರದ ತಲೆಬರಹ ಕೊಟ್ಟ. ಅಲ್ಲೇ ಎಡವಟ್ಟಾಯಿತು. ಬುಧವಾರ ನೋಡಿದರೆ ಅವನ ಫೋಟೋ ಹಕ್ಕಿಗಳ ನಡುವೆ ಕೂತಿತ್ತು. ಎಡಕ್ಕೆ ಗಂಡು ಗುಬ್ಬಿ, ಬಲಕ್ಕೆ ಹೆಣ್ಣು ಗುಬ್ಬಿ, ಮಧ್ಯೆ ಕೋಟು ಹಾಕಿದ ರಘುನಂದನ. ಕೆಳಗೊಂದು ಪ್ರಶ್ನೆ: ‘ಗಂಡು ಗುಬ್ಬಿ ಏನು ತಿನ್ನುತ್ತದೆ?’

ಅವನು ನಕ್ಕು ನಕ್ಕು ಕುರ್ಚಿಯಿಂದ ಜಾರಿದ. ಎದ್ದು ‘ಗುಬ್ಬಿ ತಾಲ್ಲೂಕು, ತುಮಕೂರು ಜಿಲ್ಲೆ’ ಎಂದು ತಿದ್ದಿದ. ಪುಟದಿಂದ ಪುಟಕ್ಕೆ ಕೊಂಡಿ ಹಾಕಿದ. ಪುಟ ಬೇಗ ತೆರೆಯಲೆಂದು ಫೋಟೋಗಳ ಗಾತ್ರ ಇಳಿಸಿದ. ಗುರುವಾರ ಗುಬ್ಬಿಗಳು ಹಾರಿಹೋದವು. ಶುಕ್ರವಾರ ಅವನು ಎರಡನೆಯವನಾದ.

ಭಾನುವಾರ ಬೆಳಗ್ಗೆ, ತಾಯಿಯ ಜೊತೆ ಕುಣಿಗಲ್ ಬಸ್ಸಿನಲ್ಲಿ ಮೊಬೈಲ್ ತೆರೆದವನು ಸೀಟಿನಿಂದ ಎಗರಿ ನಿಂತ. ಮೊದಲ ಪುಟದ ತುಂಬ ಅವನೇ! ಗೊರಕೆ ಎರಡನೇ ಪುಟಕ್ಕೆ ಬಿದ್ದಿತ್ತು, ಅಲ್ಲಿಗೆ ನರಪಿಳ್ಳೆಯೂ ಹೋಗುವುದಿಲ್ಲ. “ಅಮ್ಮಾ, ಗೆದ್ದೆ!” ಎಂದು ಕೂಗಿದ. ಕಂಡಕ್ಟರು ಲಾಟರಿ ಹೊಡೆಯಿತೇನೋ ಎಂದು ತಿರುಗಿ ನೋಡಿದ.

ವೆಂಕಟೇಶಯ್ಯನವರ ಹಜಾರದಲ್ಲಿ ಕೇಸರಿಬಾತು ಬಂತು. ಕಾಫಿ ಹಿಡಿದು ವಿಭಾ ಬಂದಳು. ಫೋನಿನಲ್ಲಿ ಕೇಳಿದ ನಗು ಮುಖದಲ್ಲಿ ಇರಲಿಲ್ಲ. ವೆಂಕಟೇಶಯ್ಯ ಕನ್ನಡಕ ಏರಿಸಿಕೊಂಡು ಮೊಬೈಲನ್ನು ಮೇಲೆ ಕೆಳಗೆ ಉಜ್ಜುತ್ತಿದ್ದರು.

“ಇದೇನಪ್ಪ, ಹೋದ ವಾರ ಇಲ್ಲೇ ಇತ್ತು. ಆ ಗೊರಕೆ ವಿಷಯ ಇವತ್ತು ಕಾಣ್ತಾನೇ ಇಲ್ವಲ್ಲ!”

ರಘುನಂದನ ಬಾಯಿ ತೆರೆಯುವ ಮೊದಲೇ ಕೌಸಲ್ಯಮ್ಮ ಮುಂದೆ ನುಗ್ಗಿದರು. “ಅಯ್ಯೋ, ಅದು ಬೇರೆ ಯಾರೋ ರಘುನಂದನ! ನಮ್ಮವನು ಮಲಗಿದ್ರೆ ಇದಾನೋ ಇಲ್ವೋ ಗೊತ್ತಾಗಲ್ಲ.”

ವೆಂಕಟೇಶಯ್ಯ ಮೊಬೈಲನ್ನು ಮೆಲ್ಲಗೆ ಕೆಳಗಿಟ್ಟರು. ಅವರ ಮುಖ ಇಳಿದುಹೋಯಿತು.

“ಹಾಗಾದ್ರೆ ತಪ್ಪು ಹುಡುಗನ್ನ ಕರೆಸಿಬಿಟ್ವಿ ತಾಯಿ. ಮುಚ್ಚಿಡೋದ್ಯಾಕೆ, ನಮ್ಮ ವಿಭಾ ಜೋರಾಗಿ ಗೊರಕೆ ಹೊಡೀತಾಳೆ. ಅದು ತಿಳಿದು ಎರಡು ಸಂಬಂಧದೋರು ಎದ್ದು ಹೋದ್ರು. ಆ ಪುಟ ನೋಡಿ, ಈ ಹುಡುಗ ಆದ್ರೆ ನಗಲ್ಲ ಅಂತ ನಾವೇ ಹುಡುಕ್ಕೊಂಡು ಬಂದಿದ್ವಿ.”

ವಿಭಾ ತಲೆ ತಗ್ಗಿಸಿ ಖಾಲಿ ತಟ್ಟೆ ಎತ್ತಿಕೊಂಡು ಒಳಕ್ಕೆ ತಿರುಗಿದಳು.

ರಘುನಂದನ ದಡಬಡಿಸಿ ಎದ್ದು ನಿಂತ. “ಸಾರ್, ಅಮ್ಮನ ಮಾತು ಬಿಡಿ! ಆ ಪುಟ ಬರೆದೋನೂ ನಾನೇ, ಕಂಬಳಿ ಒಳಗೆ ಮಲಗಿರೋನೂ ನಾನೇ, ಆ ಎಣ್ಣೆಯಿಂದ ನನ್ನ ಗೊರಕೆ ಇವತ್ತಿಗೂ ಒಂದು ಚೂರೂ ಕಮ್ಮಿಯಾಗಿಲ್ಲ!”