ಕಣ್ಣಾರೆ ಕಂಡ ಬಾರ್ಬೆಕ್ಯೂ

ಮುಖಕ್ಕೆ ಸುತ್ತಿದ್ದ ಟವೆಲನ್ನು ಮೂಗಿನ ಮೇಲಕ್ಕೆ ಎಳೆದುಕೊಂಡು ಗುರುಸಂಗಪ್ಪ ಬಾರಿನ ಬಾಗಿಲಿಗೆ ಎದುರಾಗಿದ್ದ ಮೇಜು ಹಿಡಿದರು. ಅಲ್ಲಿಂದ ಬರುವವರ ಮುಖವೆಲ್ಲ ಕಾಣುತ್ತಿತ್ತು. ಅವರಿಗೆ ಬೇಕಾಗಿದ್ದುದು ಒಂದೇ ಮುಖ, ಮರುಳಸಿದ್ದನದು. ಹರಪನಹಳ್ಳಿಯ ಮೆಕ್ಕೆಜೋಳದ ವ್ಯಾಪಾರಿ ಉಜ್ಜಿನಪ್ಪನವರ ಮಗ. ಬರುವ ಸೋಮವಾರ ತಮ್ಮ ಮಗಳು ಪುಷ್ಪಲತಾಳ ಜೊತೆ ಅವನ ನಿಶ್ಚಿತಾರ್ಥ. ಅವನ ಕೈಯಲ್ಲಿ ಇವತ್ತು ಗ್ಲಾಸು ಕಂಡರೆ ಸೋಮವಾರವೂ ಇಲ್ಲ, ಸಂಬಂಧವೂ ಇಲ್ಲ.

ಸುದ್ದಿ ತಂದವಳು ಪುಷ್ಪಲತಾಳೇ. ಹುಡುಗ ಶುಕ್ರವಾರ ಸಂಜೆ ಹರಪನಹಳ್ಳಿ ಹೊರಗಿನ ಹೊಸ ಬಾರಿನಲ್ಲಿ ಕೂಡುತ್ತಾನಂತೆ, ಗೆಳತಿಯೊಬ್ಬಳು ಹೇಳಿದಳು ಎಂದು ತಲೆ ತಗ್ಗಿಸಿ ಹೇಳಿದ್ದಳು.

"ಮಂದಿ ಮಾತು ನಂಬಬ್ಯಾಡ್ರಿ ಅಪ್ಪಾಜಿ. ನೀವ ಹೋಗಿ ಕಣ್ಣಾರೆ ನೋಡಿ ಬರ್ರಿ."

ಎಂಥ ನ್ಯಾಯವಂತ ಮಗಳು ಎಂದು ಗುರುಸಂಗಪ್ಪನವರ ಎದೆ ತುಂಬಿ ಬಂದಿತ್ತು. ಶ್ರಾವಣದಲ್ಲಿ ಮಠದ ಪುರಾಣಕ್ಕೆ ಮೊದಲ ಸಾಲಿನಲ್ಲಿ ಕೂಡುವ ಮನುಷ್ಯ ಕೊಟ್ಟೂರಿನಿಂದ ಬಸ್ಸು ಹತ್ತಿ ಬಾರಿಗೆ ಬಂದದ್ದು ಹೀಗೆ.

ಬಾರಿನ ಹೆಸರು 'ಕೆಂಡ ಬಾರ್ಬೆಕ್ಯೂ ಅಂಡ್ ಸ್ಪೋರ್ಟ್ಸ್ ಬಾರ್'. ಕೆಂಡವಿದ್ದದ್ದು ಬೋರ್ಡಿನಲ್ಲಿ ಮಾತ್ರ. ಮೇಜಿನ ನಡುವೆ ಒಲೆಗೆಂದು ಕೊರೆದ ಗುಂಡಿಯಲ್ಲಿ ಇದ್ದಿಲು ಹೊಗೆಯಾಡುತ್ತಿತ್ತು. ಹೊತ್ತಿಕೊಳ್ಳುವ ಆಲೋಚನೆ ಅದಕ್ಕೆ ಇನ್ನೂ ಬಂದಿರಲಿಲ್ಲ. ಸಪ್ಲೈಯರ್ ಮೌನೇಶ್ ಮೆನು ಕಾರ್ಡಿನಿಂದ ಗಾಳಿ ಹಾಕುತ್ತಿದ್ದ. ಆ ಕಾರ್ಡಿನಿಂದ ಬೇರೇನೂ ಪ್ರಯೋಜನವಿರಲಿಲ್ಲ. ಅದರಲ್ಲಿ ಬರೆದದ್ದು ಬಹುಪಾಲು ಅಂದು ಅಡುಗೆಮನೆಯಲ್ಲಿ ಇರಲಿಲ್ಲ.

ಇನ್ನು ಸ್ಪೋರ್ಟ್ಸು. ಗೋಡೆ ತುಂಬ ಟಿ.ವಿ. ಇತ್ತು, ಕ್ರಿಕೆಟ್ ಚಾನೆಲ್ಲಿನ ರೀಚಾರ್ಜ್ ಮುಗಿದಿತ್ತು. ಮ್ಯಾಚಿಗೆಂದು ಬಂದ ಗಂಡಸರೆಲ್ಲ ಅತ್ತೆಯೊಬ್ಬಳು ಸೊಸೆಯ ಹಾಲಿಗೆ ವಿಷ ಬೆರೆಸುವ ಧಾರಾವಾಹಿಯನ್ನು ಉಸಿರು ಬಿಗಿಹಿಡಿದು ನೋಡುತ್ತಿದ್ದರು.

ವೆಜ್ ಇದೆಯೇ ಎಂದು ಗುರುಸಂಗಪ್ಪ ಕೇಳಿದರು. ಧಾರಾಳ ಇದೆ ಎಂದ ಮೌನೇಶ್. ಕೋಳಿ ಸುಟ್ಟ ಕಡ್ಡಿಗೇ ಚುಚ್ಚುತ್ತೀರೇನು ಎಂದು ಮತ್ತೆ ಕೇಳಿದರು.

"ಏ, ಹಂಗ ಕೊಡ್ತೀವೇನ್ರಿ? ಒರಸ್ತೀವಿ" ಎಂದ ಮೌನೇಶ್, ಮನಸ್ಸಿಗೆ ನೋವಾದವನಂತೆ.

ಬಂದ ಪನ್ನೀರು ಸೀಮೆಸುಣ್ಣದಂತಿತ್ತು. ದೊಣ್ಣೆಮೆಣಸಿನಕಾಯಿ ಹೊರಗೆ ಇದ್ದಿಲು, ಒಳಗೆ ಹಸಿ. ಅನಾನಸ್ ಹೋಳುಗಳಿಗೆ ಖಾರದ ಪುಡಿ ಮೆತ್ತಿದ್ದರು. ಅನಾನಸ್ ಮಾಡಿದ ತಪ್ಪೇನೋ ಗೊತ್ತಿಲ್ಲ. ತಟ್ಟೆಯನ್ನು ದೂರ ಸರಿಸಿ, ಮೇಜು ಬಿಟ್ಟುಕೊಡಬಾರದೆಂದು ಒಂದು ಜೀರಾ ಸೋಡಾ ಹೇಳಿದರು. ಅದು ಬಿಯರ್ ಮಗ್ಗಿನಲ್ಲಿ, ಕಂದು ಬಣ್ಣದಲ್ಲಿ, ಮೇಲೆ ನೊರೆ ಹೊತ್ತು ಬಂತು. ಬೇರೆ ಗ್ಲಾಸುಗಳಿಲ್ಲವಂತೆ.

ಸೋಡಾ ಹೀರುತ್ತ ಅವರು ಚಿಂತಿಸಿದರು. ಇಂಥ ಮನೆತನ ಮತ್ತೆ ಸಿಗುವುದಿಲ್ಲ. ಮದುವೆ ಮಾತು ಮುಗಿದಂದಿನಿಂದ ಉಜ್ಜಿನಪ್ಪನವರೂ ತಾವೂ ಬೀಗರೆಂದೇ ಕರೆದುಕೊಳ್ಳುತ್ತಿದ್ದರು. ಹೆಣ್ಣು ನೋಡಲು ಬಂದ ದಿನ ಹುಡುಗ ಹುಡುಗಿಯನ್ನು ಮಾತಾಡಿಕೊಳ್ಳಲೆಂದು ಮಾಳಿಗೆಗೆ ಕಳಿಸಿದರೆ, ಕೆಳಗೆ ಚಹಾ ಆರಿ ಹೋಗುವವರೆಗೆ ಇಳಿದಿರಲಿಲ್ಲ. ಇಳಿಯುವಾಗ ಇಬ್ಬರೂ ನಗುತ್ತಿದ್ದರು. ಶುಭಲಕ್ಷಣ ಎಂದಿದ್ದರು ಹಿರಿಯರು. ಸೊಸೆಯಾದವಳು ಹಡಗಲಿಯ ನರ್ಸ್ ನೌಕರಿ ಬಿಡಬೇಕೆಂದು ಉಜ್ಜಿನಪ್ಪ ಅಂದಾಗಲೂ ಪುಷ್ಪಲತಾ ಎದುರಾಡಿರಲಿಲ್ಲ. ಅವಳ ಪರವಾಗಿ ಗುರುಸಂಗಪ್ಪನವರೇ ಒಪ್ಪಿಬಿಟ್ಟಿದ್ದರು.

ಬಾಗಿಲು ತೆರೆಯಿತು. ಅಂಥ ಸೆಕೆಯಲ್ಲೂ ಮಂಕಿ ಕ್ಯಾಪ್ ಹಾಕಿದ ಒಬ್ಬರು ಅತ್ತಿತ್ತ ನೋಡುತ್ತ ಬಂದು ಕಂಬದ ಮರೆಯಲ್ಲಿ ಕೂತರು. ಮೌನೇಶನ ಕಿವಿಯಲ್ಲಿ ಏನೋ ಹೇಳಿದರು. ಅವರಿಗೂ ಒಂದು ಮಗ್ಗು ಬಂತು. ಅದೇ ಕಂದು ಬಣ್ಣ, ಅದೇ ನೊರೆ. ಕುಡಿಯಲೆಂದು ಅವರು ಕ್ಯಾಪ್ ಸರಿಸಿದರು.

ಉಜ್ಜಿನಪ್ಪ.

ಮಗನನ್ನು ಹಿಡಿಯಲು ಬಂದರೆ ಅಪ್ಪನೇ ಸಿಕ್ಕಿದ್ದ. ಗುರುಸಂಗಪ್ಪನವರ ಟವೆಲು ಕೊರಳಿಗೆ ಜಾರಿದ್ದು ಅವರಿಗೆ ತಿಳಿದದ್ದು ಉಜ್ಜಿನಪ್ಪನವರ ಕಣ್ಣು ತಮ್ಮ ಮಗ್ಗಿನ ಮೇಲೆ ನಿಂತಾಗ.

"ಶರಣ್ರಿ ಬೀಗರ" ಎಂದರು ಉಜ್ಜಿನಪ್ಪ. "ಬಾಳ ದೂರ ಬಂದೀರಿ."

"ನಿಮಗ ಹತ್ರ ಆತು ಬಿಡ್ರಿ."

"ಖರೆ. ಕೊಟ್ಟೂರಾಗ ಗುರ್ತಿನ ಮಂದಿ ಇರ್ತಾರ. ನಿಮ್ಮ ತ್ರಾಸು ತಿಳಿತೈತ್ರಿ."

ಜೀರಾ ಸೋಡಾ ಎನ್ನಲು ಗುರುಸಂಗಪ್ಪ ಬಾಯಿ ತೆರೆದರು. ಹಾಗೆಂದರೆ, ಸೋಡಾ ಕುಡಿಯಲು ಇಷ್ಟು ದೂರ ಏಕೆ ಬಂದಿರಿ ಎನ್ನುತ್ತಾರೆ. ನಿಮ್ಮ ಮಗನ ಮೇಲೆ ಕಣ್ಣಿಡಲು ಎನ್ನುವುದು ಹೇಗೆ? ತೆರೆದ ಬಾಯಿಗೆ ಒಂದು ಗುಟುಕು ಸೋಡಾ ಸುರಿದುಕೊಂಡರು. ಅತ್ತ ಉಜ್ಜಿನಪ್ಪನವರೂ ಏನೋ ಹೇಳಹೊರಟು, ಅದನ್ನು ನುಂಗಿ, ಮಗ್ಗು ಎತ್ತಿದರು. ಇಬ್ಬರೂ ಒಬ್ಬರನ್ನೊಬ್ಬರು ದುರುಗುಟ್ಟಿ ನೋಡುತ್ತ ಕುಡಿದರು.

"ಕಣ್ಣಾರೆ ನೋಡಿದ್ದು ಚಲೋ ಆತ್ರಿ" ಎಂದರು ಉಜ್ಜಿನಪ್ಪ ಮೇಲೆದ್ದು.

"ನನಗೂ ಚಲೋ ಆತು."

"ಸೋಮವಾರದ್ದು ಸದ್ಯ ಬ್ಯಾಡ್ರಿ, ಗುರುಸಂಗಪ್ಪನವರ."

"ಆಗಲಿ ಬಿಡ್ರಿ, ಉಜ್ಜಿನಪ್ಪನವರ."

ಬೀಗರು ಎಂಬ ಮಾತು ಅಲ್ಲಿಗೆ ಮುಗಿಯಿತು. ಟಿ.ವಿ.ಯಲ್ಲಿ ಸೊಸೆ ಹಾಲು ಕುಡಿದಳು. ಇಡೀ ಬಾರು ಲೊಚಗುಟ್ಟಿತು.

ಕೊಟ್ಟೂರಿನ ಮನೆಯಲ್ಲಿ ಪುಷ್ಪಲತಾ ರೊಟ್ಟಿ ಬಡಿಸುತ್ತ ಎಲ್ಲ ಕೇಳಿದಳು. ಹುಡುಗನ ಮಾತಿರಲಿ, ಅವನಪ್ಪನೇ ಮಗ್ಗು ಹಿಡಿದು ಕೂತಿದ್ದ, ಅಂಥ ಮನೆಗೆ ನಿನ್ನನ್ನು ಕೊಡಲಾರೆ ಎಂದರು ಗುರುಸಂಗಪ್ಪ. ನೀವು ಹೇಳಿದಂತೆ ಆಗಲಿ ಎಂದಳು ಮಗಳು, ತಲೆ ಎತ್ತದೆ. ಹುಡುಗಿಯ ಮನಸ್ಸು ಹಗುರಾಗಲಿ ಎಂದು, ಇನ್ನು ಮದುವೆಗೆ ಅವಸರವಿಲ್ಲ, ಹಡಗಲಿ ನೌಕರಿ ಬಿಡುವುದೂ ಬೇಡ ಎಂದರು. ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡು ಒಳಗೆ ಹೋದಳು. ಅಳುತ್ತಾಳೆ ಪಾಪ ಎಂದುಕೊಂಡು ಅವರು ಊಟ ಮುಂದುವರಿಸಿದರು.

ಒಳಗೆ ಪುಷ್ಪಲತಾ ಬಾಗಿಲು ಮುಂದೆ ಮಾಡಿ ಫೋನಿನಲ್ಲಿ ಮೆಲ್ಲಗೆ ಅಂದಳು: "ಸಿದ್ದಣ್ಣಾ, ನಾನು ನಮ್ಮಪ್ಪಾಜಿಗೆ ನಿನ್ನ ಚಾಡಿ, ನೀನು ನಿಮ್ಮಪ್ಪಾಜಿಗೆ ನಮ್ಮಪ್ಪಾಜಿ ಚಾಡಿ ಹೇಳಿ ಬಾರಿಗೆ ಕಳ್ಸಿದ್ದು ಕೆಲಸ ಮಾಡೇತಿ. ಇನ್ನ ನೀನು ಮೆಚ್ಚಿದ ಕೂಡ್ಲಿಗಿ ಹುಡುಗಿ ಮನಿಗೆ ಹಿರೇರನ್ನ ಕಳಿಸು."