ಜಂಗಮಕೋಟೆಯ ಬಾವಿ, ಸಮುದ್ರದ ಹುಳ

ಅರವತ್ತೊಂದರ ಮುಂಗಾರಿನಲ್ಲಿ ಜಂಗಮಕೋಟೆಯ ಕೋನಪ್ಪ ಬಿತ್ತನೆ ಬಿಟ್ಟು ಶಿಡ್ಲಘಟ್ಟದ ಹೈಸ್ಕೂಲಿಗೆ ಬಂದ. ವಿಜ್ಞಾನ ಹೇಳಿಕೊಡುವ ಶ್ಯಾಮಲಮ್ಮನವರ ಮುಂದೆ ನಿಂತು, ಆ ಕಡಲೆಕಾಯಿ ಹುಳ ಎಲ್ಲಿದೆ, ತೋರಿಸಿ ಎಂದ.

ಬೇಸಿಗೆ ರಜೆಯಲ್ಲಿ ರಾಮೇಶ್ವರಕ್ಕೆ ಹೋಗಿದ್ದ ಶ್ಯಾಮಲಮ್ಮ, ದಡದಲ್ಲಿ ಸಿಕ್ಕ ಹುಳವೊಂದನ್ನು ತಂದು ಸೀಸೆಯಲ್ಲಿಟ್ಟು ‘ಕಡಲೆಕಾಯಿ ಹುಳ’ ಎಂದು ಚೀಟಿ ಅಂಟಿಸಿದ್ದರು. ಗ್ರಾಮಸೇವಕ ಗಂಗುಲಪ್ಪ ಅದನ್ನು ಕಿಟಕಿಯಿಂದಲೇ ಓದಿಕೊಂಡು ಹೋಗಿ, ಕಡಲೆಕಾಯಿಗೆ ಹೊಸ ಹುಳ ಬಂದಿದೆಯೆಂದು ಊರೂರಲ್ಲಿ ಸಾರಿಬಿಟ್ಟಿದ್ದ. ಹದವಾದ ಮಳೆ ಬಿದ್ದು ಮೂರು ದಿನವಾದರೂ ಜಂಗಮಕೋಟೆಯಲ್ಲಿ ಯಾರೂ ನೇಗಿಲು ಕಟ್ಟಿರಲಿಲ್ಲ. ಕೋನಪ್ಪನ ಹೆಂಡತಿ ವೆಂಕಟರತ್ನಮ್ಮ ಎರಡು ಮೂಟೆ ಕಾಯಿ ಬೀಜಕ್ಕೆಂದು ಸುಲಿದು, ಊದಿದ ಹೆಬ್ಬೆರಳು ಹಿಡಿದುಕೊಂಡು ಗಂಡನ ಮೇಲೆ ಉರಿಯುತ್ತಿದ್ದಳು.

ಶ್ಯಾಮಲಮ್ಮ ಸೀಸೆಯನ್ನು ಅವನ ಕೈಗೇ ಕೊಟ್ಟರು. ಇದು ಕಡಲೆಕಾಯಿ ತಿನ್ನುವುದಿಲ್ಲ, ಹೆದರಿದಾಗ ಮೂತಿಯನ್ನು ಒಳಗೆಳೆದುಕೊಂಡು ಕಡಲೆಕಾಯಿಯಂತೆ ಕಾಣುತ್ತದೆ, ಅಷ್ಟೇ ಎಂದರು. ಲೋಕದ ಎಲ್ಲ ಸಮುದ್ರಗಳಲ್ಲೂ ಇದರ ದಾಯಾದಿಗಳಿವೆ. ಕೆಲವು ದಡದ ಮರಳಲ್ಲಿ, ಕೆಲವು ತೀರ ಆಳದ ಕೆಸರಲ್ಲಿ. ಇದು ಮರಳು ನುಂಗಿ ಅದರೊಳಗಿನ ಕೊಳೆತದ್ದನ್ನು ಅರಗಿಸಿಕೊಳ್ಳುತ್ತದೆ. ಕರುಳು ಹಗ್ಗದಂತೆ ಹುರಿಗೊಂಡು ವಾಪಸು ಬರುವುದರಿಂದ, ಹೊಲಸು ಹೊರಹೋಗುವ ದಾರಿ ಬಾಲದಲ್ಲಿಲ್ಲ, ಮುಂದುಗಡೆ ಬೆನ್ನ ಮೇಲಿದೆ ಎಂದಾಗ ಕೋನಪ್ಪ ಸೀಸೆಯನ್ನು ಸ್ವಲ್ಪ ದೂರ ಹಿಡಿದ.

“ನಮ್ಮ ಹೊಲಾನೂ ಮರಳೇ, ಟೀಚರಮ್ಮ.”

“ಮರಳೊಂದಿದ್ರೆ ಸಾಲ್ದು ಕೋನಪ್ಪ. ಉಪ್ಪುನೀರು ಬೇಕು.”

“ನಮ್ಮ ಬಾವಿ ನೀರು ಉಪ್ಪೇ ಅಲ್ವಾ.”

ಇಂಥ ಪ್ರಶ್ನೆಯನ್ನು ತರಗತಿಯಲ್ಲಿ ಇದುವರೆಗೆ ಒಬ್ಬರೂ ಕೇಳಿರಲಿಲ್ಲ. ಶ್ಯಾಮಲಮ್ಮ ಹೆಡ್‌ಮಾಸ್ಟರಿಗೆ ಹೇಳಿ, ಅವನ ಜೊತೆಯಲ್ಲೇ ಮಧ್ಯಾಹ್ನದ ಬಸ್ಸು ಹತ್ತಿದರು.

ಬಾವಿಯ ಸುತ್ತ ಊರೇ ಸೇರಿತು. ಸಮುದ್ರದ ನೀರನ್ನು ಮನುಷ್ಯರು ಕುಡಿಯಲಾಗದು, ಈ ಹುಳ ಬದುಕುವುದು ಅಂಥ ನೀರಲ್ಲಿ ಮಾತ್ರ, ನಾನು ಈ ನೀರು ಕುಡಿದರೆ ಹುಳ ಇಲ್ಲಿ ಬಾಳದು ಎಂದು ತಿಳಿಯಿರಿ ಎಂದರು ಶ್ಯಾಮಲಮ್ಮ. ಕೋನಪ್ಪ ಸೇದಿ, ಚೊಂಬು ತುಂಬಿ ಕೊಟ್ಟ. ಮೊದಲ ಗುಟುಕಿಗೇ ಅವರ ನಾಲಿಗೆ ಮುದುಡಿತು. ಎಲ್ಲರ ಕಣ್ಣೂ ಅವರ ಮುಖದ ಮೇಲೇ ಇತ್ತು. ಹುಬ್ಬು ಅಲುಗಿಸದೆ ಚೊಂಬು ಖಾಲಿ ಮಾಡಿ, ಇನ್ನೊಂದು ಕೊಡಿ ಎಂದರು. ಎರಡನೆಯದು ಅರ್ಧಕ್ಕೆ ಬರುವಷ್ಟರಲ್ಲಿ ಮುದುಕ ಆವುಲಪ್ಪ ಎತ್ತು ಹೂಡಲು ಎದ್ದ. ಅದೂ ಮುಗಿಯುವ ಹೊತ್ತಿಗೆ ಬಾವಿಕಟ್ಟೆ ಬರಿದಾಗಿತ್ತು.

ವೆಂಕಟರತ್ನಮ್ಮ ಒಬ್ಬಳೇ ಉಳಿದಿದ್ದಳು. ಸೆರಗಿನ ಗಂಟು ಬಿಚ್ಚಿ ಬೆಲ್ಲದ ಚೂರೊಂದನ್ನು ಟೀಚರಮ್ಮನ ಕೈಗಿಟ್ಟು, ದನಿ ತಗ್ಗಿಸಿ ಹೇಳಿದಳು:

“ಬೇಗ ಬಾಯಿಗೆ ಹಾಕ್ಕೊಳ್ಳಿ. ಈ ನೀರನ್ನ ನಮ್ಮ ಎಮ್ಮೆನೂ ಮೂಸಲ್ಲ.”