ಬೈಯುವ ಗಂಟು

ಹಲಗೂರಿನ ಬಸ್ಸಿನಲ್ಲಿ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ನಯನ ತಮ್ಮನ ಬೈಗುಳಗಳನ್ನೆಲ್ಲ ಆ್ಯಪಿನಿಂದ ಕಿತ್ತುಹಾಕಿದಳು.

“ಬ್ಯಾಡ ಕಣಕ್ಕ. ಜನಕ್ಕೆ ಅದೇ ಇಷ್ಟ,” ಎಂದ ಸ್ವರೂಪ್.

“ಬಾಯ್ ಮುಚ್ಕೊಂಡು ಕೂತ್ಕೊ. ಬೆಂಗಳೂರಿಂದ ದುಡ್ಡು ಹಾಕೋ ಕಂಪನಿಯವರು ಬರ್ತಾವ್ರೆ. ಅವರ ಮುಂದೆ ನಮ್ಮ ಆ್ಯಪು ‘ನಿಮ್ಮಪ್ಪ ನೋಟ್ ಅಚ್ಚಾಕ್ತಾನಾ’ ಅಂದ್ರೆ ಅಲ್ಲಿಗೆ ಮುಗೀತು. ಸೋಮವಾರದಿಂದ ನಾನು ಮತ್ತೆ ಗೆಜ್ಜಲಗೆರೆ ಫ್ಯಾಕ್ಟರಿಗೆ ಹೋಗ್ಬೇಕು. ನೀನೂ ಜೊತೇಲಿ.”

ಅಕ್ಕ ತಮ್ಮ ಮಳವಳ್ಳಿಯ ಬಾಡಿಗೆ ಕೋಣೆಯಲ್ಲಿ ಕೂತು ಮಾಡಿದ ಮನೆಖರ್ಚಿನ ಆ್ಯಪಿಗೆ ‘ಗಂಟು’ ಎಂದು ಹೆಸರು. ಖರ್ಚನ್ನು ಬಾಯಲ್ಲಿ ಹೇಳಿದರೆ ಬರೆದುಕೊಳ್ಳುತ್ತದೆ, ಮಿತಿ ದಾಟಿದರೆ ಎಚ್ಚರಿಸುತ್ತದೆ. ಎಚ್ಚರಿಕೆಯ ದನಿ ಸರಿಯಾಗಿ ಕೇಳುತ್ತದೋ ಇಲ್ಲವೋ ನೋಡಲು ಸ್ವರೂಪ್ ತಮಾಷೆಗೆ ಒಂದಷ್ಟು ಬೈಗುಳ ರೆಕಾರ್ಡ್ ಮಾಡಿದ್ದ, ತೆಗೆಯಲು ಮರೆತಿದ್ದ. ಅವು ಹಾಗೇ ಜನರ ಫೋನಿಗೆ ಹೋದವು. ನಯನ ಅವನನ್ನು ಎರಡು ದಿನ ಊಟಕ್ಕೆ ಕರೆಯಲಿಲ್ಲ. ಮೂರನೆಯ ದಿನದಿಂದ, ಹಲಗೂರಿನ ಕಡೆ ಆ್ಯಪ್ ಬಳಕೆಯ ಇಳಿಯುತ್ತಿದ್ದ ಗ್ರಾಫಿನ ಗೆರೆ ಕಬ್ಬಿನ ಹಾಗೆ ನೆಟ್ಟಗೆ ಏಳತೊಡಗಿತು. ಅದಕ್ಕೆ ಬೈಗುಳವೇ ಕಾರಣ ಎಂದು ಒಪ್ಪಿಕೊಳ್ಳಲು ಅವಳಿಗೆ ನಾಚಿಕೆ.

ಅವರು ತಲುಪುವಷ್ಟರಲ್ಲಿ ಮಹಿಳಾ ಸಂಘದ ಅಂಕಮ್ಮನ ಮನೆಯ ಜಗಲಿಯಲ್ಲಿ ಬೆಂಗಳೂರಿನ ಕಂಪನಿಯ ಶಶಿಧರ್ ಆಗಲೇ ಕೂತು ಮಜ್ಜಿಗೆ ಕುಡಿಯುತ್ತಿದ್ದ. ಸುತ್ತ ಸಂಘದ ಹೆಂಗಸರು, ಎಲ್ಲರ ಕೈಯಲ್ಲೂ ಫೋನು.

“ಖರ್ಚಿನ ಆ್ಯಪ್‌ಗಳನ್ನ ಜನ ಹೊಸ ವರ್ಷಕ್ಕೆ ಹಾಕ್ಕೋತಾರೆ, ಸಂಕ್ರಾಂತಿಗೆ ತೆಗೀತಾರೆ,” ಎಂದ ಶಶಿಧರ್. “ಎಲ್ಲ ಕಂಪನಿಗಳದ್ದೂ ಇದೇ ಗೋಳು. ನಿಮ್ಮದು ಯುಗಾದಿ ದಾಟಿದೆ. ಹೇಗೆ ಅಂತ ಕಣ್ಣಾರೆ ನೋಡಬೇಕು.”

“ನೋಡಿ ಸ್ವಾಮಿ,” ಎಂದು ಅಂಕಮ್ಮ ಫೋನನ್ನು ಬಾಯಿಯ ಹತ್ತಿರ ಹಿಡಿದು ಕೂಗಿದಳು: “ಚಕ್ಕುಲಿ, ಇನ್ನೂರು ರುಪಾಯಿ!” ಹೆಂಗಸರೆಲ್ಲ ಸೆರಗು ಬಾಯಿಗೊತ್ತಿಕೊಂಡು ಮುಂದಕ್ಕೆ ಬಾಗಿದರು.

“ಮಾನ್ಯ ಬಳಕೆದಾರರೇ, ತಮ್ಮ ತಿಂಡಿಯ ಮಿತಿ ಮೀರಿದೆ. ದಯವಿಟ್ಟು ಗಮನಿಸಿ,” ಎಂದಿತು ನಯನ ಬಸ್ಸಿನಲ್ಲಿ ಹಾಕಿದ್ದ ಹೆಣ್ಣುದನಿ.

ಹೆಂಗಸರು ಬಾಯಿಗೊತ್ತಿದ್ದ ಸೆರಗು ಕೆಳಗಿಳಿಸಿದರು.

“ಇದ್ಯಾರವ್ವ ಇವಳು?” ಎಂದಳು ಅಂಕಮ್ಮ. “ಸಾವಿನ ಮನೆಗೆ ಬಂದೋಳಂಗೆ ಮಾತಾಡ್ತಾಳೆ. ಆ ಬೈಯೋ ಮಗ ಎಲ್ಲೋದ?”

“ಬ್ಯಾಂಕ್ನೋರು ಇರ್ಬೇಕು ಕಣಕ್ಕ,” ಎಂದಳು ಪಕ್ಕದಲ್ಲಿದ್ದ ಮುದ್ದಮ್ಮ. “ಇಷ್ಟ್ ಮರ್ಯಾದೆ ಕೊಡ್ತಾರೆ ಅಂದ್ರೆ ಸಾಲ ತಲೆಗ್ ಕಟ್ಟಾಕೇ ಬಂದವ್ರೆ. ತಗ್ದಾಕ್ಬುಡು ಅತ್ಲಾಗೆ.”

ಒಬ್ಬೊಬ್ಬರ ಹೆಬ್ಬೆರಳೂ ‘ಗಂಟಿ’ನ ಗುರುತಿನ ಮೇಲೆ ಒತ್ತಿ ನಿಂತಿತು. ಶಶಿಧರ್ ಮಜ್ಜಿಗೆಯ ಲೋಟ ಕೆಳಗಿಟ್ಟು ಕಾರಿನ ಕೀ ಹುಡುಕಿದ. ಅಷ್ಟರಲ್ಲಿ ಕಂಬದ ಹಿಂದಿನಿಂದ ಸ್ವರೂಪ್ ಗಂಟಲು ಹರಿಯುವಂತೆ ಕೂಗಿದ:

“ಯಾಕವ್ವ, ಇನ್ನೂರ್ ರುಪಾಯಿ ಚಕ್ಕುಲಿ ತಿಂದು ಯಾವ್ ಕುಸ್ತಿಗೋಯ್ತೀಯ? ಮನೇಲಿರೋ ಅಕ್ಕಿಹಿಟ್ಟಿಗೆ ಪೂಜೆ ಮಾಡ್ತಾ ಕೂತಿದ್ದೀಯಾ?”

ಅಂಕಮ್ಮ ಫೋನನ್ನು ನೋಡಿದಳು, ಸ್ವರೂಪನನ್ನು ನೋಡಿದಳು. “ಅಯ್ ನಿನ್ನ! ನೀನೇನ್ಲಾ ಆ ಬಡ್ಡೆತ್ತದು?”

ಜಗಲಿಗೆ ಜಗಲಿಯೇ ಎದ್ದು ಅವನ ಮೇಲೆ ಬಿತ್ತು. “ನಂಗೂ ಬೈಯ್ಲಾ ಮಗ! ಸೀರೆ ತಗಂಡಿವ್ನಿ, ಏನಂತೀಯ?” ಎಂದು ಮುದ್ದಮ್ಮ ಅವನ ತೋಳು ಹಿಡಿದು ಎಳೆದಳು.

“ಬೀರು ಬಾಗ್ಲು ಹಾಕಾಕಾಯ್ತಿಲ್ಲ, ಇನ್ನೊಂದ್ ಸೀರೆನಾ? ಅದ್ನ ಗೂಳಿಗೆ ಉಡ್ಸು ಓಗು!”

ಮುದ್ದಮ್ಮ ನಕ್ಕು ನಕ್ಕು ಜಗಲಿಯಿಂದ ಜಾರಿ ಅಂಗಳದಲ್ಲಿ ಕೂತಳು. ಅಲ್ಲಿಂದ ಏಳಲಿಲ್ಲ, ಅಲ್ಲೇ ನಕ್ಕಳು. ನಯನ ಯಾರ ಮುಖವನ್ನೂ ನೋಡದೆ ಲ್ಯಾಪ್‌ಟಾಪ್ ತೆರೆದು ಬೈಗುಳಗಳನ್ನೆಲ್ಲ ವಾಪಸು ಹಾಕಿದಳು. ಚಕ್ಕುಲಿ, ಸೀರೆ, ಮಲ್ಲಿಗೆ, ಕೋಳಿ ಎಂದು ಹೆಂಗಸರು ಫೋನುಗಳಿಗೆ ಕೂಗಿದರು. ಫೋನುಗಳೆಲ್ಲ ಒಟ್ಟಿಗೇ ತಿರುಗಿ ಬೈದವು.

ಶಶಿಧರ್ ನಗುತ್ತಲೇ ಕಣ್ಣೊರೆಸಿಕೊಂಡು ಒಪ್ಪಂದದ ಕಾಗದ ತೆಗೆದ. “ಒಂದು ಪ್ರಶ್ನೆ ಬಾಕಿ. ಇದರಲ್ಲಿ ಬರೆಯಲೇಬೇಕು. ಅಮ್ಮ, ಈ ಆ್ಯಪ್ ಬಂದಮೇಲೆ ನಿಮ್ಮ ಖರ್ಚು ಎಷ್ಟು ಕಮ್ಮಿಯಾಗಿದೆ?”

ಅಂಕಮ್ಮ ಅವನನ್ನು ಮೇಲಿಂದ ಕೆಳಗಿನವರೆಗೂ ಒಮ್ಮೆ ನೋಡಿದಳು.

“ಕಮ್ಮಿ ಮಾಡುದ್ರೆ ಅದು ಬೈತದಾ ಸ್ವಾಮಿ?”

ಆ ಪ್ರಶ್ನೆಯ ಮುಂದಿನ ಜಾಗವನ್ನು ಖಾಲಿ ಬಿಟ್ಟು ಶಶಿಧರ್ ಕೆಳಗೆ ಸಹಿ ಹಾಕಿದ.